ಇಳಿದ ರಾತ್ರಿ ಮಲಗುವುದೆಲ್ಲಿ ಎಂಬುದನ್ನೂ ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಶಿಕ್ಷಣ ಪುರವಣಿಯಲ್ಲಿ ಈ ತಿಂಗಳು ವಿದೇಶ ವ್ಯಾಸಂಗದ ಬಗ್ಗೆ ಬಂದ ಲೇಖನಗಳನ್ನು ನಾನು ಜರ್ಮನಿಯ ಒಂದು ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಕುಳಿತು ಇ-ಪತ್ರಿಕೆಯಲ್ಲಿ ಓದಿದೆ. ಯಾವ ದೇಶದಲ್ಲಿ ಶುಲ್ಕವೆಷ್ಟು, ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ ಬೇಕು, ಬ್ಯಾಂಕಿನವರು ಸಾಲಕ್ಕೆ ಏನೇನು ಅಡಮಾನ ಕೇಳುತ್ತಾರೆ, ವೀಸಾ ಸಂದರ್ಶನಕ್ಕೆ ಹೇಗೆ ಸಿದ್ಧರಾಗಬೇಕು ಎಂಬುದೆಲ್ಲ ಅವುಗಳಲ್ಲಿ ಅಚ್ಚುಕಟ್ಟಾಗಿ ಬಂದಿದೆ. ಅದೇ ಪುಟಗಳ ಕೆಳಗೆ ಕನ್ಸಲ್ಟೆನ್ಸಿಗಳ ಜಾಹೀರಾತುಗಳೂ ಇದ್ದವು. ಲೇಖನಗಳಾಗಲಿ ಜಾಹೀರಾತುಗಳಾಗಲಿ, ಎಲ್ಲವೂ ವಿಮಾನದ ಬಾಗಿಲಿನವರೆಗೆ ಬಂದು ಅಲ್ಲಿಗೆ ಮುಗಿಯುತ್ತವೆ. ವಿಮಾನ ಇಳಿದ ದಿನ ರಾತ್ರಿ ಮಲಗುವುದೆಲ್ಲಿ ಎಂಬ ಸಣ್ಣ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರವಿಲ್ಲದೆ ಹೊರಟು ಬಂದವಳು ನಾನಾದ್ದರಿಂದ, ಸ್ವಲ್ಪ ದೀರ್ಘವಾದರೂ ಈ ಪತ್ರವನ್ನು ಬರೆಯುತ್ತಿದ್ದೇನೆ. ‘ಮೊದಲ ರಾತ್ರಿ’ ಎಂದರೆ ಕನ್ನಡದಲ್ಲಿ ಬೇರೆಯೇ ಅರ್ಥ ಬರುವುದರಿಂದ ‘ಇಳಿದ ರಾತ್ರಿ’ ಎಂದೇ ಬರೆಯುತ್ತೇನೆ.

ನಾನು ಮೈಸೂರಿನವಳು. ಪದವಿಪೂರ್ವ ಕಾಲೇಜುಗಳಲ್ಲಿ ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿ ಭೌತಶಾಸ್ತ್ರ ಕಲಿಸಿ, ಮೂವತ್ತು ದಾಟಿದ ಮೇಲೆ ಮತ್ತೊಂದು ಸ್ನಾತಕೋತ್ತರ ಪದವಿಗಾಗಿ ಹೊರಟವಳು. ಅಪ್ಪ ನಿವೃತ್ತ ಗುಮಾಸ್ತರು; ಅಮ್ಮನಿಗೆ ಓದು ಎಂದರೆ ಕನ್ನಡ ಮಾತ್ರ. ಜರ್ಮನಿಯ ವೀಸಾ ಬೇಕಾದರೆ ಒಂದು ವರ್ಷದ ಖರ್ಚಿಗಾಗುವಷ್ಟು ಹಣವನ್ನು, ಅಂದರೆ 11,904 ಯೂರೊಗಳನ್ನು, ಮೊದಲೇ ಅಲ್ಲಿನ ನಿರ್ಬಂಧಿತ ಖಾತೆಯಲ್ಲಿ ಇಡಬೇಕು. ರೂಪಾಯಿಯಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚಾಗುವ ಈ ಮೊತ್ತಕ್ಕಾಗಿ ಮನೆಯ ಪತ್ರ ಬ್ಯಾಂಕಿಗೆ ಹೋಯಿತು. ಹೀಗೆ ಮನೆಯೇ ಪಣಕ್ಕೆ ಬಿದ್ದಾಗ ಹೊರಡುವ ನಿರ್ಧಾರವೂ ಒಬ್ಬರದಾಗಿ ಉಳಿಯುವುದಿಲ್ಲ, ಮನೆಮಂದಿಯೆಲ್ಲ ಸೇರಿಯೇ ದಿನ ಗೊತ್ತುಮಾಡುತ್ತಾರೆ.

ನಮ್ಮ ಮನೆಯಲ್ಲಿ ಗೊತ್ತಾದ ದಿನ 2025ರ ಅಕ್ಟೋಬರ್ 2, ವಿಜಯದಶಮಿ. ಹಿಂದೆ ಅರಸರು ಬನ್ನಿ ಪೂಜೆ ಮಾಡಿ ಸೀಮೋಲ್ಲಂಘನಕ್ಕೆ ಹೊರಡುತ್ತಿದ್ದ ದಿನ. ಗಡಿ ದಾಟಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ ಎಂದರು ಅಜ್ಜಿ. ವಿಮಾನ ಹೊರಡುವುದು ಮರುದಿನ ನಸುಕಿನ ನಾಲ್ಕಕ್ಕೆ, ಅಷ್ಟರಲ್ಲಿ ದಶಮಿ ಮುಗಿದಿರುತ್ತದೆ ಎಂದು ಚಿಕ್ಕಪ್ಪ ತಕರಾರು ತೆಗೆದರು. ಹೊಸಿಲು ದಾಟುವುದು ದಶಮಿಯಲ್ಲೇ ಅಲ್ಲವೇ, ಅಷ್ಟು ಸಾಕು ಎಂದು ತೀರ್ಮಾನವಾಯಿತು. ಪಂಚಾಂಗವನ್ನು ಇಷ್ಟು ಸೂಕ್ಷ್ಮವಾಗಿ ನೋಡಿದ ನಮ್ಮ ಮನೆಯಲ್ಲಿ ಜರ್ಮನಿಯ ಕ್ಯಾಲೆಂಡರನ್ನು ಒಬ್ಬರೂ ನೋಡಲಿಲ್ಲ. ನಾನೂ ನೋಡಲಿಲ್ಲ. ಅಕ್ಟೋಬರ್ 3 ಆ ದೇಶದ ಏಕೀಕರಣದ ದಿನ, 1990ರಿಂದ ರಾಷ್ಟ್ರೀಯ ರಜೆ. ಕಳೆದ ವರ್ಷ ಅದು ಶುಕ್ರವಾರ ಬಂದಿತ್ತು. ಅದರ ಹಿಂದೆಯೇ ಶನಿವಾರ, ಭಾನುವಾರ. ಭಾನುವಾರ ಮತ್ತು ರಜಾದಿನಗಳಲ್ಲಿ ಇಲ್ಲಿ ಅಂಗಡಿಗಳು ಮುಚ್ಚಿರಬೇಕೆಂಬುದು ಕಾನೂನು. ರೈಲು ನಿಲ್ದಾಣದೊಳಗಿನ ಕೆಲವು ಮಳಿಗೆಗಳಷ್ಟೇ ತೆರೆದಿರುತ್ತವೆ.

ವಿದ್ಯಾರ್ಥಿನಿಲಯದವರು ಕಳುಹಿಸಿದ್ದ ಪತ್ರದಲ್ಲಿ ಬೀಗದ ಕೈ ಕೊಡುವ ಸಮಯ ಸ್ಪಷ್ಟವಾಗಿತ್ತು: ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ರಿಂದ 11ರವರೆಗೆ. ಇಲ್ಲಿ ನಮ್ಮ ಹಾಸ್ಟೆಲ್‌ಗಳಂತೆ ರಾತ್ರಿ ಹಗಲೆನ್ನದೆ ಇರುವ ವಾರ್ಡನ್ ಆಗಲಿ, ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂರುವ ಕಾವಲುಗಾರನಾಗಲಿ ಇರುವುದಿಲ್ಲ. ‘ಹೌಸ್‌ಮೈಸ್ಟರ್’ ಎಂಬ ಮೇಲ್ವಿಚಾರಕರೊಬ್ಬರು ಗೊತ್ತಾದ ಹೊತ್ತಿಗೆ ಬರುತ್ತಾರೆ, ಗೊತ್ತಾದ ಹೊತ್ತಿಗೆ ಹೋಗುತ್ತಾರೆ. ನಾನು ಆ ಪತ್ರವನ್ನು ಓದಿ, ಟಿಕೆಟ್ ಕಾಯ್ದಿರಿಸಿದ್ದ ಕನ್ಸಲ್ಟೆನ್ಸಿಯವರನ್ನು ಕೇಳಿದೆ. “ಮೇಡಂ, ನಾವು ಮೇಲ್ ಮಾಡಿದ್ದೇವೆ, ಕೀ ಬಾಕ್ಸಿನಲ್ಲಿ ಇಟ್ಟಿರುತ್ತಾರೆ” ಎಂದರು. ನಾನು ನಂಬಿದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನವಿದೆ, ಅದರಲ್ಲಿ ಬಂದರೆ ಬೆಳಿಗ್ಗೆಯೇ ಇಳಿಯಬಹುದು. ಆದರೆ ಕೊಲ್ಲಿಯ ಮೂಲಕ ಬಂದರೆ ಹನ್ನೊಂದು ಸಾವಿರ ರೂಪಾಯಿ ಉಳಿಯುತ್ತದೆ ಎಂದರು. ಅದನ್ನೂ ಒಪ್ಪಿದೆ. ಆದ್ದರಿಂದ ತಪ್ಪೆಲ್ಲ ಅವರದೆಂದು ಹೇಳಲಾರೆ.

ವಿಜಯದಶಮಿಯ ದಿನ ಮಧ್ಯಾಹ್ನದ ಜಂಬೂ ಸವಾರಿಗಾಗಿ ಅರಮನೆಯಿಂದ ಬನ್ನಿಮಂಟಪದವರೆಗಿನ ರಸ್ತೆಗಳನ್ನು ಮುಚ್ಚುತ್ತಾರೆ. ಊರಿಗೆ ಊರೇ ಒಳಗೆ ಬರುತ್ತಿರುವಾಗ ನಾವು ಬೆಳಿಗ್ಗೆ ಹತ್ತಕ್ಕೇ ಬಾಡಿಗೆ ಕಾರಿನಲ್ಲಿ ವರ್ತುಲ ರಸ್ತೆ ಹಿಡಿದು ಹೊರಗೆ ಹೊರಟೆವು. ಎರಡು ಸೂಟ್‌ಕೇಸ್‌ಗಳನ್ನು, ಒಂದೊಂದೂ 23 ಕೆ.ಜಿ. ಮೀರದಂತೆ, ಮೂರು ಸಲ ಬಿಚ್ಚಿ ಮೂರು ಸಲ ತುಂಬಲಾಗಿತ್ತು. ಗೊಜ್ಜವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು, ಮೆಂತ್ಯದಹಿಟ್ಟು, ಅಮ್ಮ ಮನೆಯಲ್ಲೇ ಬೆಣ್ಣೆ ಕಾಯಿಸಿ ತೆಗೆದ ಅರ್ಧ ಲೀಟರ್ ತುಪ್ಪ. ದೇವನಹಳ್ಳಿಯ ವಿಮಾನ ನಿಲ್ದಾಣವನ್ನು ಸಂಜೆ ನಾಲ್ಕಕ್ಕೇ ತಲುಪಿ, ಎರಡನೆಯ ಟರ್ಮಿನಲ್ಲಿನ ಹೊರಗಿನ ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಬೀಳ್ಕೊಡುಗೆ ನಡೆದದ್ದು ಗಾಜಿನ ಬಾಗಿಲ ಮುಂದೆ, ಟ್ರಾಲಿ ತಳ್ಳಿಕೊಂಡು ಬರುವ ಅಪರಿಚಿತರ ನಡುವೆ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಹೊರದೇಶಕ್ಕೆ ಮಕ್ಕಳನ್ನು ಕಳುಹಿಸಿದವರಿಗೆಲ್ಲ ಅದು ಗೊತ್ತಿರುತ್ತದೆ.

ಕೊಲ್ಲಿಯ ಆ ನಿಲ್ದಾಣದಲ್ಲಿ ಎಂಟು ಗಂಟೆ ಕಾಯಬೇಕಿತ್ತು. ಪಕ್ಕದ ಸಾಲಿನಲ್ಲಿ ರಜೆ ಮುಗಿಸಿ ಕುವೈತಿಗೆ ಮರಳುತ್ತಿದ್ದ ಬೈಂದೂರಿನ ಕಡೆಯವರೊಬ್ಬರು ಕುಳಿತಿದ್ದರು. ಏಸಿ ಮೆಕ್ಯಾನಿಕ್, ಐವತ್ತರ ವಯಸ್ಸಿರಬಹುದು. ನಾನು ಕನ್ನಡದವಳೆಂದು ತಿಳಿದ ಕೂಡಲೇ ಅವರು ಕೇಳಿದ ಮೊದಲ ಪ್ರಶ್ನೆ, “ಅಲ್ಲ್ ಕರ್ಕಂಡ್ ಹೋಪುಕೆ ಯಾರ್ ಬತ್ರ್?” ಎಂಬುದು. ಯಾರೂ ಬರುವುದಿಲ್ಲ, ಬೀಗದ ಕೈ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಮೊದಲ ಸಲ ಹೋದಾಗ ಕಂಪನಿಯ ಮನುಷ್ಯ ಬೆಳಗಿನವರೆಗೂ ಬಾರದೆ, ನಿಲ್ದಾಣದ ಹೊರಗಿನ ಬೆಂಚಿನ ಮೇಲೆ ಬ್ಯಾಗನ್ನು ತಲೆಯಡಿ ಇಟ್ಟುಕೊಂಡು ಮಲಗಿದ್ದನ್ನು ಹೇಳಿದರು. ಅಂದಿನಿಂದ ಯಾರೇ ಹೊಸಬರು ಸಿಕ್ಕರೂ ಇದನ್ನೊಂದು ಕೇಳುತ್ತಾರಂತೆ. ಎಂಟು ತಿಂಗಳ ತಯಾರಿಯಲ್ಲಿ ಕನ್ಸಲ್ಟೆನ್ಸಿಯವರು, ಬ್ಯಾಂಕಿನವರು, ವೀಸಾ ಕೇಂದ್ರದವರು, ಬಂಧುಗಳು, ಯಾರೂ ಕೇಳದ ಪ್ರಶ್ನೆಯನ್ನು ಅವರೊಬ್ಬರು ಕೇಳಿದರು.

ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಅಲ್ಲಿ ಸಂಜೆ ಏಳೂವರೆ. ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಕಳೆಯಿತು. ಸೂಟ್‌ಕೇಸ್ ಪಡೆದು ಹೊರಬರುವ ದಾರಿಯಲ್ಲಿ, ತರಬಾರದ ವಸ್ತುಗಳ ಚಿತ್ರವಿದ್ದ ಫಲಕವೊಂದು ಕಂಡಿತು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ತುಪ್ಪ ಹಾಲಿನ ಪದಾರ್ಥವೇ. ಕಂಡೂ ಕಾಣದಂತೆ ನಡೆದುಬಿಡಬಹುದಿತ್ತೇನೋ. ಹೊಸ ದೇಶದಲ್ಲಿ ಇಟ್ಟ ಮೊದಲ ಹೆಜ್ಜೆಯಲ್ಲೇ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಕಸ್ಟಮ್ಸ್ ಮೇಜಿನ ಮೇಲೆ ಆ ಬಾಟಲಿಯನ್ನು ಇಟ್ಟೆ. ಅಧಿಕಾರಿ ಮುಚ್ಚಳ ತೆಗೆದು ಮೂಸಿ ನೋಡಿ, ಏನೋ ಬರೆದುಕೊಂಡು, ಮೇಜಿನ ಕೆಳಗಿನ ಡಬ್ಬಿಗೆ ಹಾಕಿದರು. ಸೂಟ್‌ಕೇಸಿನಲ್ಲಿ ಅದನ್ನು ಸುತ್ತಿಟ್ಟಿದ್ದ ಅಮ್ಮನ ಹಳೆಯ ಸೀರೆಯ ತುಂಡು ಮಾತ್ರ ಉಳಿಯಿತು. ಈ ಗಲಾಟೆಯಲ್ಲಿ ಮೊದಲೇ ಕಾಯ್ದಿರಿಸಿದ್ದ ರೈಲು ತಪ್ಪಿತು. ಮುಂದಿನ ರೈಲಿನಲ್ಲಿ ಸ್ಟಟ್‌ಗಾರ್ಟ್ ತಲುಪಿ, ಅಲ್ಲಿಂದ ಇನ್ನೊಂದು ರೈಲು ಹತ್ತಿ ನನ್ನ ಊರಿನಲ್ಲಿ ಇಳಿಯುವ ಹೊತ್ತಿಗೆ ನಡುರಾತ್ರಿ ದಾಟಿತ್ತು. ಬಸ್ಸುಗಳು ನಿಂತಿದ್ದವು. ವಿಮಾನ ನಿಲ್ದಾಣದ ವೈ-ಫೈ ಬಿಟ್ಟು ಹೊರಬಂದ ಮೇಲೆ ನನ್ನ ಮೊಬೈಲಿಗೆ ಸಂಪರ್ಕವೂ ಇರಲಿಲ್ಲ.

ವಿದ್ಯಾರ್ಥಿನಿಲಯ ಅಲ್ಲಿಂದ ಒಂದೂವರೆ ಕಿಲೋಮೀಟರ್. ಹಳೆಯ ಊರಾದ್ದರಿಂದ ರಸ್ತೆಗೆ ಕಲ್ಲು ಹಾಸಿದೆ. ಆ ಕಲ್ಲುಗಳ ಮೇಲೆ ಎರಡು ಸೂಟ್‌ಕೇಸ್‌ಗಳ ಚಕ್ರಗಳು ಮಾಡಿದ ಸದ್ದು ಎಷ್ಟಿತ್ತೆಂದರೆ, ಒಂದು ಮನೆಯ ಕಿಟಕಿ ತೆರೆಯಿತು, ಒಬ್ಬರು ಇಣುಕಿ ನೋಡಿದರು, ಕಿಟಕಿ ಮುಚ್ಚಿತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಇಲ್ಲಿ ಸದ್ದು ಮಾಡಬಾರದೆಂಬ ನಿಯಮವನ್ನು ಜನ ಗಂಭೀರವಾಗಿ ಪಾಲಿಸುತ್ತಾರೆಂದು ಆಗ ನನಗೆ ತಿಳಿದಿರಲಿಲ್ಲ; ತಿಳಿದಿದ್ದರೂ ಆ ಚಕ್ರಗಳನ್ನು ಎತ್ತಿಕೊಂಡು ನಡೆಯುವ ಶಕ್ತಿ ಇರಲಿಲ್ಲ. ಕಟ್ಟಡದ ಮುಂದೆ ನಿಂತಾಗ ಸಮಯ ಹನ್ನೆರಡು ಐವತ್ತು. ಮೈಸೂರಿನಲ್ಲಿ ಶನಿವಾರ ಬೆಳಗಿನ ಜಾವ ನಾಲ್ಕು ಇಪ್ಪತ್ತು. ಮನೆ ಬಿಟ್ಟು 42 ಗಂಟೆಗಳಾಗಿದ್ದವು. ಬಾಗಿಲಿನ ಪಕ್ಕ ಅಂಚೆಯ ಪೆಟ್ಟಿಗೆಗಳ ಸಾಲಿತ್ತು, ಹೆಸರುಗಳ ಪಟ್ಟಿಯಿತ್ತು. ಬೀಗದ ಕೈಯ ಪೆಟ್ಟಿಗೆ ಎಂಬುದು ಎಲ್ಲೂ ಇರಲಿಲ್ಲ.

ಬಾಗಿಲಿನ ಮೆಟ್ಟಿಲ ಮೇಲೆ ಸುಮಾರು ಅರ್ಧ ಗಂಟೆ ಕುಳಿತಿದ್ದೆ. ಹಣವಿರಲಿಲ್ಲವೇ ಎಂದು ಓದುಗರು ಕೇಳಬಹುದು. ನಿರ್ಬಂಧಿತ ಖಾತೆಯಲ್ಲಿ ಒಂದು ವರ್ಷದ ಹಣವಿತ್ತು. ಆದರೆ ಇಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲಷ್ಟೇ ಅದು ತಿಂಗಳಿಗೆ 992 ಯೂರೊಗಳಂತೆ ಬರತೊಡಗುತ್ತದೆ. ಕೈಯಲ್ಲಿದ್ದದ್ದು ಇನ್ನೂರು ಯೂರೊ ನಗದು ಮತ್ತು ಒಂದು ಫಾರೆಕ್ಸ್ ಕಾರ್ಡ್. ಹೋಟೆಲ್ ಹಿಡಿಯಬಹುದಿತ್ತು, ಆದರೆ ಹೋಟೆಲ್ ಎಲ್ಲಿದೆಯೆಂದು ಹುಡುಕಲು ಮೊಬೈಲ್ ಕೆಲಸ ಮಾಡಬೇಕಿತ್ತು. ಮನೆಯ ಪತ್ರ ಅಡವಿಟ್ಟು ತಂದ ಹನ್ನೆರಡು ಲಕ್ಷವೂ ಆ ರಾತ್ರಿ ಒಂದು ಹೊದಿಕೆಯನ್ನು ಕೊಡಿಸಲಾರದು ಎಂಬುದು ಆ ಮೆಟ್ಟಿಲ ಮೇಲೆ ಕುಳಿತಾಗ ನನಗೆ ಚೆನ್ನಾಗಿ ಅರ್ಥವಾಯಿತು.

ಕೊನೆಗೆ, ಎಲ್ಲಿಗೋ ಹೋಗಿ ಬರುತ್ತಿದ್ದ ಇರಾನಿನ ವಿದ್ಯಾರ್ಥಿನಿಯೊಬ್ಬಳು ಬಾಗಿಲು ತೆಗೆದು, ನನ್ನ ಪತ್ರವನ್ನು ಓದಿ, ಒಳಗೆ ಕರೆದಳು. ಅವಳ ಕೋಣೆಯಲ್ಲಿ ಇಬ್ಬರು ಮಲಗುವಷ್ಟು ಜಾಗವಿರಲಿಲ್ಲ. ಎಲ್ಲರೂ ಬಳಸುವ ಅಡುಗೆಮನೆಯಲ್ಲಿ ಒಂದು ಉದ್ದನೆಯ ಬೆಂಚು ಇತ್ತು, ಅದನ್ನು ತೋರಿಸಿದಳು. ಗೋಡೆಯ ಉದ್ದಕ್ಕೂ ಕೋಣೆಯ ಸಂಖ್ಯೆ ಬರೆದ ಕಪಾಟುಗಳು, ಒಂದೊಂದಕ್ಕೂ ಬೀಗ. ನನ್ನ ಪತ್ರದಲ್ಲಿದ್ದ ಕೋಣೆ 14. ಹದಿನಾಲ್ಕನೆಯ ಕಪಾಟು ನನ್ನ ತಲೆಯ ಮೇಲೆಯೇ ಇತ್ತು, ಅದಕ್ಕೂ ಬೀಗ. ಕುಡಿಯುವ ನೀರು ಎಲ್ಲಿ ಎಂದು ಕೇಳಿದಾಗ ಅವಳು ಪಾತ್ರೆ ತೊಳೆಯುವ ನಲ್ಲಿಯನ್ನು ತೋರಿಸಿದಳು. ನಾನು ಹಿಂಜರಿದದ್ದನ್ನು ನೋಡಿ, ತಾನೇ ಒಂದು ಲೋಟ ಹಿಡಿದು ಕುಡಿದಳು. ಅವಳು ಕೊಟ್ಟ ಬಟ್ಟಲಿನಲ್ಲಿ ಅಮ್ಮನ ಗೊಜ್ಜವಲಕ್ಕಿಗೆ ಆ ನಲ್ಲಿಯ ನೀರನ್ನೇ ಹಾಕಿ ನೆನೆಸಿ, ನೆನೆಯುವ ಮೊದಲೇ ತಿಂದೆ. ಹಲ್ಲಿಗೆ ಗಟ್ಟಿಯಾಗಿತ್ತು, ಉಪ್ಪು ಹುಳಿ ಸರಿಯಾಗಿತ್ತು. ಅವಳಿಗೂ ಸ್ವಲ್ಪ ಕೊಟ್ಟೆ. ಒಂದು ತುತ್ತು ತಿಂದು, ಖಾರವೆಂದು ನಕ್ಕು, ಅದೇ ನಲ್ಲಿಯ ನೀರು ಕುಡಿದಳು.

ಚಳಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಕಿಟಕಿಯ ಕೆಳಗೆ ಬಿಸಿನೀರು ಹರಿಯುವ ಹೀಟರ್ ಇತ್ತು, ಅದರ ತಿರುಗುಣಿಯ ಮೇಲೆ 1ರಿಂದ 5ರವರೆಗೆ ಅಂಕಿಗಳೂ ಒಂದು ಹಿಮದ ಹರಳಿನ ಚಿತ್ರವೂ ಇದ್ದವು. ಹಿಮದ ಚಳಿಗೆ ಬಳಸಬೇಕಾದದ್ದು ಇದೇ ಇರಬೇಕೆಂದು ತರ್ಕಿಸಿ, ತಿರುಗುಣಿಯನ್ನು ಆ ಚಿತ್ರಕ್ಕೆ ತಂದು ನಿಲ್ಲಿಸಿದೆ. ಕೊಳವೆಯಲ್ಲಿ ನೀರು ಹೆಪ್ಪುಗಟ್ಟದಷ್ಟು ಮಾತ್ರ ಬಿಸಿ ಕೊಡುವ, ಎಲ್ಲಕ್ಕಿಂತ ಕಡಿಮೆ ಶಾಖದ ಗುರುತು ಅದು. 3ಕ್ಕೆ ಇಟ್ಟಿದ್ದರೆ ಕೋಣೆ ಸುಮಾರು 20 ಡಿಗ್ರಿಗೆ ಬೆಚ್ಚಗಾಗುತ್ತಿತ್ತು. ಆರು ವರ್ಷ ಮಕ್ಕಳಿಗೆ ಉಷ್ಣ ಮತ್ತು ಉಷ್ಣತೆಯ ವ್ಯತ್ಯಾಸ ಕಲಿಸಿದವಳು ಅಪ್ಪನ ಶಾಲನ್ನೂ ಆ ಸೀರೆಯ ತುಂಡನ್ನೂ ಸುತ್ತಿಕೊಂಡು ಬೆಳಗಿನವರೆಗೆ ನಡುಗಿದೆ. ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದಿ ನಕ್ಕರೆ ನನ್ನ ಆಕ್ಷೇಪವಿಲ್ಲ.

ಅವಳ ಮೊಬೈಲಿನ ಹಾಟ್‌ಸ್ಪಾಟ್ ಪಡೆದು ಮನೆಗೆ ಕರೆ ಮಾಡಿದಾಗ ಮೊದಲ ರಿಂಗಿಗೇ ಅಮ್ಮ ಎತ್ತಿದರು. ಫ್ರಾಂಕ್‌ಫರ್ಟಿನಿಂದ ‘ಇಳಿದೆ’ ಎಂದು ಕಳುಹಿಸಿದ ಮೇಲೆ ಐದು ಗಂಟೆ ಯಾವ ಸುದ್ದಿಯೂ ಇಲ್ಲದೆ, ಮನೆಯಲ್ಲಿ ಯಾರೂ ಮಲಗಿರಲಿಲ್ಲ. “ರೂಮು ಹೇಗಿದೆ? ಬೆಚ್ಚಗಿದೆಯಾ? ಮಂಚ ಕೊಟ್ಟಿದ್ದಾರಾ?” ಎಂದು ಕೇಳಿದರು. ಚೆನ್ನಾಗಿದೆ, ಬೆಚ್ಚಗಿದೆ, ಮಂಚವಿದೆ ಎಂದೆ. ವಿಡಿಯೊದಲ್ಲಿ ತೋರಿಸು ಎಂದರು. ಬೇರೆಯವರು ಮಲಗಿದ್ದಾರೆ, ದೀಪ ಹಾಕುವಂತಿಲ್ಲ ಎಂದೆ. ಕಸ್ಟಮ್ಸ್ ಮೇಜಿನ ಮುಂದೆ ಹೇಳಲಾರದ ಸುಳ್ಳನ್ನು ಅಮ್ಮನಿಗೆ ಹೇಳಿದೆ. ಇಲ್ಲಿ ನನಗೆ ಪರಿಚಯವಾದ ಕನ್ನಡದ ವಿದ್ಯಾರ್ಥಿಗಳಲ್ಲಿ ಈ ಸುಳ್ಳನ್ನು ಹೇಳದವರು ಕಡಿಮೆ. ಊರಿನಲ್ಲಿರುವವರಿಗೆ ಇಳಿದ ರಾತ್ರಿಯ ಸಂಗತಿ ತಿಳಿಯದೇ ಇರುವುದಕ್ಕೆ ಒಂದು ಕಾರಣ ಇದೇ ಇರಬೇಕು, ನಾವೇ ಅದನ್ನು ಮುಚ್ಚಿಡುತ್ತೇವೆ.

ಮುಂದಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಶನಿವಾರ ಕನ್ನಡಿಗರ ವಾಟ್ಸ್ಆ್ಯಪ್ ಗುಂಪೊಂದರ ಮೂಲಕ ನಲವತ್ತು ಕಿಲೋಮೀಟರ್ ದೂರದ ಹಾವೇರಿ ಮೂಲದ ದಂಪತಿಯ ಪರಿಚಯವಾಗಿ, ಅವರು ಕಾರಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದರು. ಎರಡು ರಾತ್ರಿ ಅವರ ಮನೆಯಲ್ಲಿದ್ದೆ. ಸೋಮವಾರ ಬೆಳಿಗ್ಗೆ 9ಕ್ಕೆ ಹೌಸ್‌ಮೈಸ್ಟರ್ ಬೀಗದ ಕೈ ಕೊಟ್ಟು ಸಹಿ ಹಾಕಿಸಿಕೊಂಡರು. ಶುಕ್ರವಾರ ರಾತ್ರಿ ಬಂದೆನೆಂದು ಹೇಳಿದಾಗ ಅವರು ಆಶ್ಚರ್ಯದಿಂದ, ಪತ್ರದಲ್ಲಿ ಬರೆದಿತ್ತಲ್ಲ ಎಂದರು. ನಿಜ, ಬರೆದಿತ್ತು. ಕನ್ಸಲ್ಟೆನ್ಸಿಯ ಮೇಲ್ ತಮಗೆ ಬಂದೇ ಇಲ್ಲ ಎಂದೂ ಹೇಳಿದರು.

ನನ್ನ ಪತ್ರದ ಮುಖ್ಯ ಮಾತು ಇಲ್ಲಿದೆ. ಬೀಗದ ಕೈಯ ಸಮಯವಿದ್ದ ಆ ಪತ್ರ ನಮ್ಮ ಮನೆಯ ಮೇಜಿನ ಮೇಲೆ ಎರಡು ತಿಂಗಳು ಬಿದ್ದಿತ್ತು. ಅದನ್ನು ಓದಬಲ್ಲವಳು ನಾನೊಬ್ಬಳು, ಆ ಎರಡು ತಿಂಗಳಲ್ಲಿ ಮೂವತ್ತು ಬಗೆಯ ಕಾಗದಗಳ ನಡುವೆ ಮುಳುಗಿದ್ದವಳು. ಅದು ಕನ್ನಡದಲ್ಲಿದ್ದಿದ್ದರೆ, ದಿನಸಿ ಅಂಗಡಿಯ ಚೀಟಿಯಲ್ಲೂ ಒಂದು ರೂಪಾಯಿ ಹೆಚ್ಚು ಕಡಿಮೆಯಾದರೆ ಕಂಡುಹಿಡಿಯುವ ಅಮ್ಮ, ‘ರಾತ್ರಿ ಇಳಿಯುವವಳಿಗೆ ಬೆಳಿಗ್ಗೆ ಮಾತ್ರ ಬೀಗದ ಕೈ ಕೊಟ್ಟರೆ ಹೇಗೆ?’ ಎಂದು ಕೇಳದೆ ಬಿಡುತ್ತಿರಲಿಲ್ಲ. ವಿದೇಶಕ್ಕೆ ಹೋಗುವವರಿಗೆ ಇಂಗ್ಲಿಷ್ ಬಾರದೇ, ಅವರಿಗೇಕೆ ಕನ್ನಡದಲ್ಲಿ ಮಾಹಿತಿ ಎಂದು ಕೆಲವರು ಕೇಳುವುದುಂಟು. ಹೋಗುವವರಿಗೆ ಬರುತ್ತದೆ. ದಿನ ಗೊತ್ತುಮಾಡುವ, ಹಣ ಹೊಂದಿಸುವ, ಸೂಟ್‌ಕೇಸ್ ತುಂಬುವ, ರಾತ್ರಿಯಿಡೀ ಎದ್ದಿರುವ ಮನೆಯವರಿಗೆ ಬೇಕಾಗಿರುವುದು ಕನ್ನಡ. ತುಪ್ಪ ತರಬಾರದೆಂದು ನನಗೆ ಗೊತ್ತಿದ್ದು ಸಾಲದು, ತುಪ್ಪ ಕಾಯಿಸುವವರಿಗೂ ಗೊತ್ತಿರಬೇಕು. ಸಂಯುಕ್ತ ಅರಬ್ ಒಕ್ಕೂಟಕ್ಕೋ ಸೌದಿ ಅರೇಬಿಯಾಕ್ಕೋ ಹೊರಟ ಮಗನ ಚೀಲದಲ್ಲಿ ಪಾಯಸಕ್ಕೆಂದು ಗಸಗಸೆಯ ಪೊಟ್ಟಣ ಇಡುವ ತಾಯಿಗೆ, ಆ ದೇಶಗಳಲ್ಲಿ ಅದು ಮಾದಕ ವಸ್ತುವಿನ ಲೆಕ್ಕಕ್ಕೆ ಬಂದು ಮಗ ಜೈಲು ಸೇರಬಹುದೆಂದು ಹೇಳಬೇಕಾದ ಭಾಷೆ ಯಾವುದು?

ಸರ್ಕಾರಕ್ಕೆ ಈ ಅಗತ್ಯ ತಿಳಿಯದ್ದೇನಲ್ಲ. ಹತ್ತನೆಯ ತರಗತಿ ಪಾಸಾಗದೆ ಕೊಲ್ಲಿ ಮುಂತಾದ ಕಡೆಗೆ ಕೂಲಿಗೆ ಹೋಗುವವರಿಗೆ ವಲಸೆ ಅನುಮತಿಯ ವ್ಯವಸ್ಥೆಯಿದೆ, ಹತ್ತು ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯಿದೆ, ಹೊರಡುವ ಮುನ್ನ ಒಂದು ದಿನದ ಉಚಿತ ತರಬೇತಿಯನ್ನು ಕೇಂದ್ರ ಸರ್ಕಾರ 2018ರಿಂದ ನಡೆಸುತ್ತಿದೆ. ಅದು ಎಲ್ಲರಿಗೂ ತಲುಪುತ್ತದೆಯೇ ಎಂಬುದು ಬೇರೆ ಮಾತು, ಯೋಚನೆ ಸರಿಯಾದದ್ದು. ವಿದ್ಯಾರ್ಥಿಗಳಿಗೆ ಅಂಥದ್ದು ಬೇಡವೆಂದು, ಓದಿದವರು ಹೇಗೋ ನಿಭಾಯಿಸುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೇವೆ. ಬೈಂದೂರಿನ ಆ ಮೆಕ್ಯಾನಿಕ್ ಮತ್ತು ನನ್ನಲ್ಲಿ ಇಳಿದ ರಾತ್ರಿಯ ಬಗ್ಗೆ ಹೆಚ್ಚು ತಿಳಿದವರು ಯಾರೆಂದು ಮೇಲೆ ಬರೆದಿದ್ದೇನೆ.

ಕರ್ನಾಟಕ ಸರ್ಕಾರವೇ ‘ಪ್ರಬುದ್ಧ’ ಯೋಜನೆಯಡಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಓದಲು ಕಳುಹಿಸಿದೆ. ಅವರಲ್ಲಿ ಅನೇಕರು ತಮ್ಮ ಮನೆತನದಲ್ಲೇ ಮೊದಲ ಬಾರಿಗೆ ವಿಮಾನ ಹತ್ತುವವರು ಇರುತ್ತಾರೆ. ಆಯ್ಕೆಯ ಆದೇಶಪತ್ರದ ಜೊತೆಗೆ ಕನ್ನಡದ ನಾಲ್ಕು ಪುಟಗಳ ಒಂದು ಕೈಪಿಡಿಯನ್ನು ಮನೆಗೆ ಕಳುಹಿಸುವುದು ಇಲಾಖೆಗೆ ದೊಡ್ಡ ಖರ್ಚಿನ ಕೆಲಸವೇನಲ್ಲ. ರಾಜ್ಯದ ಅನಿವಾಸಿ ಭಾರತೀಯ ಸಮಿತಿಯೂ ಹೊರನಾಡಿನ ಕನ್ನಡ ಸಂಘಗಳೂ ಸೇರಿ, ಯಾವ ಊರಿನಲ್ಲಿ ಇಳಿದವರಿಗೆ ಒಂದೆರಡು ರಾತ್ರಿ ತಂಗಲು ಯಾರ ಮನೆಯಲ್ಲಿ ಅವಕಾಶವಿದೆ ಎಂಬ ಪಟ್ಟಿಯನ್ನು ಇಟ್ಟುಕೊಳ್ಳಬಹುದು. ಇಲ್ಲಿನ ಸಂಘಗಳು ರಾಜ್ಯೋತ್ಸವವನ್ನೂ ಯುಗಾದಿಯನ್ನೂ ಸೊಗಸಾಗಿ ಮಾಡುತ್ತವೆ, ನಾನೂ ಹೋಗಿ ಹೋಳಿಗೆ ತಿಂದು ಬಂದಿದ್ದೇನೆ. ಆದರೆ ಹೊಸಬರು ಅವರನ್ನು ಸೇರುವುದು ಬಂದು ತಿಂಗಳಾದ ಮೇಲೆ, ಆ ಹೊತ್ತಿಗೆ ಬೆಂಚಿನ ಮೇಲೆ ಮಲಗಿದ್ದೆಲ್ಲ ಮುಗಿದಿರುತ್ತದೆ. ಇನ್ನು ಕನ್ಸಲ್ಟೆನ್ಸಿಗಳು, ಲಕ್ಷಗಟ್ಟಲೆ ವ್ಯವಹಾರದ ನಡುವೆ, ಟಿಕೆಟ್ ಕೊಡುವಾಗ ಇಳಿಯುವ ದಿನ, ವಾರ, ಅಂದು ಅಲ್ಲಿ ರಜೆಯಿದೆಯೇ, ಬೀಗದ ಕೈ ಕೊಡುವವರು ಯಾರು ಎಂಬ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದು ಮನೆಯವರ ಸಹಿ ಪಡೆಯುವಂತಾಗಬೇಕು. ಸಹಿ ಹಾಕುವಾಗಲಾದರೂ ಯಾರೋ ಒಬ್ಬರು ಓದುತ್ತಾರೆ.

ನಾನಿರುವ ಊರಿಗೆ ಹತ್ತಿರದ ಟ್ಯೂಬಿಂಗೆನ್‌ನಲ್ಲಿ ಫರ್ಡಿನಾಂಡ್ ಕಿಟೆಲ್ ಅವರು 1903ರಲ್ಲಿ ತೀರಿಕೊಂಡರು. 1894ರಲ್ಲಿ ಪ್ರಕಟವಾದ ಅವರ ನಿಘಂಟನ್ನು ಕನ್ನಡಿಗರು ಇಂದಿಗೂ ಬಳಸುತ್ತಾರೆ. ಈ ಸೀಮೆಯವರೇ ಆದ ಹರ್ಮನ್ ಮೊಗ್ಲಿಂಗ್ ಅವರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ್ದರಿಂದಲೇ ನಾವು ಜುಲೈ 1ನ್ನು ಕನ್ನಡ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಅವರು 1836ರಲ್ಲಿ ಮಂಗಳೂರಿಗೆ ಬಂದಾಗ, ಎರಡು ವರ್ಷ ಮೊದಲೇ ಅಲ್ಲಿ ನೆಲೆಯೂರಿದ್ದ ಬಾಸೆಲ್ ಮಿಷನ್ನಿನ ಅವರದೇ ಭಾಷೆಯ ಜನರಿದ್ದರು. ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬರುವ ಕಾಲದಲ್ಲೂ ಬಂದವರು ಇಳಿದುಕೊಳ್ಳಲು ಒಂದು ನೆಲೆಯನ್ನು ಆ ಸಂಸ್ಥೆ ಮೊದಲೇ ಮಾಡಿಟ್ಟಿತ್ತು.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಪುರವಣಿಯ ಅರ್ಧ ಪುಟವನ್ನು, ವರ್ಷಕ್ಕೆ ಎರಡು ಬಾರಿ, ಸೆಪ್ಟೆಂಬರ್ ಮತ್ತು ಮಾರ್ಚ್ ತಿಂಗಳಲ್ಲಿ, ಇಳಿದ ರಾತ್ರಿಯ ವಿಷಯಕ್ಕೆ ಮೀಸಲಿಡಿ. ನಾನು ನನ್ನ ಅಮ್ಮನಿಗಾಗಿ ಜರ್ಮನಿಯ ಬಗ್ಗೆ ಎರಡು ಪುಟದ ಟಿಪ್ಪಣಿಯೊಂದನ್ನು ಕನ್ನಡದಲ್ಲಿ ಬರೆದು ಕಳುಹಿಸಿದ್ದೆ. ಅದರ ಪ್ರತಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಈ ವರ್ಷದ ಸರ್ಕಾರಿ ರಜೆಗಳು, ಹೀಟರಿನ ಅಂಕಿಗಳು, ನಲ್ಲಿಯ ನೀರು, ಮನೆಗೆ ಬಂದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬ ನಿಯಮ, ತುರ್ತು ಕರೆಗೆ ನಮ್ಮಲ್ಲಿರುವಂತೆ ಅಲ್ಲಿಯೂ 112 ಎಂಬ ಸಂಖ್ಯೆ, ಇಂಥವು ಅದರಲ್ಲಿವೆ. ಸ್ಥಳದ ಅಭಾವವಿದ್ದರೆ ನನ್ನ ಈ ಪತ್ರವನ್ನು ಕತ್ತರಿಸಿ, ಟಿಪ್ಪಣಿಯನ್ನು ಪ್ರಕಟಿಸಿ.

ಆ ಟಿಪ್ಪಣಿಯಿಂದ ಆದ ಒಂದು ಉಪಯೋಗವನ್ನು ಹೇಳಬೇಕು. ನಮ್ಮ ಬೀದಿಯ ಹುಡುಗನೊಬ್ಬ ಬೇಸಿಗೆಯ ಸೆಮಿಸ್ಟರಿಗೆಂದು ಜರ್ಮನಿಯ ಬೇರೊಂದು ಊರಿಗೆ ಹೊರಟಿದ್ದಾನೆ. ಬೇರೊಂದು ಏಜೆನ್ಸಿಯವರು ಅವನಿಗೆ ಕೊಟ್ಟ ಟಿಕೆಟ್ಟಿನಲ್ಲಿ ಇಳಿಯುವುದು 2026ರ ಏಪ್ರಿಲ್ 2, ಗುರುವಾರ ರಾತ್ರಿ. ಯುಗಾದಿಯ ದಿನ ಅವನ ತಾಯಿ ಹೊಸ ಪಂಚಾಂಗ ತೋರಿಸಲು ನಮ್ಮ ಮನೆಗೆ ಬಂದಾಗ ಅಮ್ಮ ಪಂಚಾಂಗದ ಪಕ್ಕದಲ್ಲೇ ನನ್ನ ಹಾಳೆಯನ್ನಿಟ್ಟು ನೋಡಿದರಂತೆ: 3ನೆಯ ತಾರೀಕು ಗುಡ್ ಫ್ರೈಡೆ, 4 ಶನಿವಾರ, 5 ಈಸ್ಟರ್ ಭಾನುವಾರ, 6 ಈಸ್ಟರ್ ಸೋಮವಾರ. ಅವನಿಗೆ ಬೀಗದ ಕೈ ಸಿಗಬೇಕಾದರೆ ಮಂಗಳವಾರ ಬೆಳಗಾಗಬೇಕಿತ್ತು. ಆರು ಸಾವಿರ ರೂಪಾಯಿ ಹೆಚ್ಚಿಗೆ ಕಟ್ಟಿ ಟಿಕೆಟ್ ಬದಲಿಸಿದ್ದಾರೆ, ಏಪ್ರಿಲ್ 1ರ ಬುಧವಾರ ಮುಂಜಾನೆ ಇಳಿಯುತ್ತಾನೆ. ತುಪ್ಪ ತರಬಾರದೆಂದು ಅದೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರೂ, ಒಂದು ಚಿಕ್ಕ ಶೀಶೆಯನ್ನು ಅವನ ಕೈಯಲ್ಲಿ ಕಳುಹಿಸಿದರೆ ಆಗದೇ ಎಂದು ಅಮ್ಮ ನಿನ್ನೆ ಕೇಳಿದರು.

ತಮ್ಮ ವಿಶ್ವಾಸಿ,
ಮೈಸೂರಿನ ಓದುಗಾರ್ತಿ,
ಸದ್ಯ ಜರ್ಮನಿ